ಬೆರಳಿನ ಬಿಗುವು, ನಡುರಾತ್ರಿಯ ಬೆವರು

ನಲವತ್ತೈದು ದಾಟಿದ ಹೆಂಗಸೊಬ್ಬಳು ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುವುದಿಲ್ಲ ಎಂದರೆ ನಮ್ಮ ಕಡೆ ಉತ್ತರ ಸಿದ್ಧವಿರುತ್ತದೆ: ವಾತ. ನಡುರಾತ್ರಿ ಎದೆಯಿಂದ ಮುಖಕ್ಕೆ ಬಿಸಿ ನುಗ್ಗಿ, ರವಿಕೆ ಬೆವರಿನಲ್ಲಿ ತೊಯ್ದು ಎದ್ದು ಕೂರುತ್ತೇನೆ ಎಂದರೆ ಅದಕ್ಕೂ ಉತ್ತರವಿದೆ: ಉಷ್ಣ. ವಾತಕ್ಕೆ ಎಣ್ಣೆ, ಉಷ್ಣಕ್ಕೆ ಮಜ್ಜಿಗೆ. ತಡೆಯಲಾಗದಷ್ಟಾದಾಗ ಮೊದಲನೆಯದನ್ನು ಶಿಕಾರಿಪುರದಲ್ಲೋ ಸೊರಬದಲ್ಲೋ ಮೂಳೆ ಡಾಕ್ಟರಿಗೆ ತೋರಿಸುತ್ತಾರೆ. ಎರಡನೆಯದನ್ನು ಯಾರಿಗೂ ತೋರಿಸುವುದಿಲ್ಲ. "ಮುಟ್ಟು ನಿಲ್ಲೋ ಹೊತ್ತು, ಎಲ್ಲಾರಿಗೂ ಆಗೋದೇ" ಎಂದು ಅತ್ತಿಗೆಯೋ ನೆರೆಮನೆಯವರೋ ಹೇಳಿದರೆ ಮುಗಿಯಿತು.

ಎಲ್ಲರಿಗೂ ಆಗುತ್ತದೆ, ನಿಜ. ಆದರೆ ಎಲ್ಲರಿಗೂ ರುಮಟಾಯ್ಡ್ ಸಂಧಿವಾತ ಇರುವುದಿಲ್ಲ. ದೇಹದ ಕಾವಲು ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ತಿರುಗಿಬೀಳುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸಾಮಾನ್ಯವಾಗಿ ಶುರುವಾಗುವುದು ಮೂವತ್ತರಿಂದ ಅರವತ್ತರ ನಡುವೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸು, ಯುರೋಪು ಅಮೆರಿಕಗಳಲ್ಲಿ 51ರ ಸುತ್ತಮುತ್ತ. ಹೀಗಾಗಿ ನಮ್ಮಲ್ಲಿ ಇವೆರಡೂ ಒಂದೇ ಹೆಂಗಸಿನ ಮೈಯಲ್ಲಿ ಸಂಧಿಸುವುದು ಅಪರೂಪವಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆ, ವಯಸ್ಕರಲ್ಲಿ ಶೇ 0.75ರಷ್ಟು ಮಂದಿಗೆ ರುಮಟಾಯ್ಡ್ ಸಂಧಿವಾತ ಇದೆಯೆಂದು ಕಂಡುಕೊಂಡಿತ್ತು. ಅದೇ ಲೆಕ್ಕ ಹಿಡಿದರೆ ಸಾವಿರ ವಯಸ್ಕರಿರುವ ಊರಿನಲ್ಲಿ ಏಳೆಂಟು ಮನೆಗಳ ಮಾತು.

ಇಂಥವರಿಗೆ ಬೆವರು ಬಿಸಿ ತಗ್ಗಿಸಲು ಹಾರ್ಮೋನ್ ಚಿಕಿತ್ಸೆ ಕೊಡಬಹುದೇ ಎಂಬುದು ಇವತ್ತಿನ ಪ್ರಶ್ನೆ. ಮೂಳೆ ಡಾಕ್ಟರನ್ನು ಕೇಳಿದರೆ ಹೆರಿಗೆ ಡಾಕ್ಟರನ್ನು ಕೇಳಿ ಅನ್ನುತ್ತಾರೆ. ಅವರನ್ನು ಕೇಳಿದರೆ "ನಿಮಗೆ ಕೀಲಿನ ಮಾತ್ರೆ ನಡೀತಿದೆಯಲ್ಲ, ಯಾಕಮ್ಮ ರಿಸ್ಕು" ಅನ್ನುತ್ತಾರೆ. ಕೊನೆಗೆ ಸಿಗುವುದು ಕ್ಯಾಲ್ಸಿಯಂ ಮಾತ್ರೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೀಲಿನ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಹಾರ್ಮೋನನ್ನು ನಿರಾಕರಿಸುವುದಕ್ಕೆ ಇವತ್ತಿನ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ನಿರಾಕರಿಸಬೇಕಾದ ಕಾರಣಗಳು ಬೇರೆ ಇವೆ, ಅವನ್ನು ಯಾರೂ ಕೇಳುತ್ತಿಲ್ಲ.

ಮೊದಲು ನೋವು ಯಾವುದೆಂದು ಗೊತ್ತಾಗಬೇಕು. ಮುಟ್ಟು ನಿಲ್ಲುವ ಕಾಲದಲ್ಲಿ ಸಂಧಿವಾತ ಇಲ್ಲದವರಿಗೂ ಮೈಕೈ ಕೀಲು ನೋಯುತ್ತವೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುವುದಕ್ಕೂ ಅದಕ್ಕೂ ನಂಟಿದೆ. ವರ್ಷಗಟ್ಟಲೆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಮಂಡಿ ಸವೆದು ನೋಯುವುದು ಇನ್ನೊಂದು. 2006ರಲ್ಲಿ ಕರ್ನಾಟಕವನ್ನೆಲ್ಲ ಮಲಗಿಸಿದ ಚಿಕೂನ್‌ಗುನ್ಯ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಕೀಲು ಊದಿಸಿ ಥೇಟ್ ಸಂಧಿವಾತದ ಹಾಗೆ ಕಾಡುವುದು ಮತ್ತೊಂದು. ನಮ್ಮದೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಎಪ್ಪತ್ತರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆಯಂತೂ ವಂಶವಾಹಿಯದು. ಸೊಂಟ ಮಂಡಿಗಳನ್ನು ಕೆಡಿಸಿ ಜನ ತೆವಳುವಂತೆ ಮಾಡಿದ ಅದನ್ನೂ ಊರವರು ಮೊದಮೊದಲು ವಾತವೆಂದೇ ಕರೆದಿದ್ದರೆ ಆಶ್ಚರ್ಯವಿಲ್ಲ.

ರುಮಟಾಯ್ಡ್ ಸಂಧಿವಾತದ ಗುರುತು ಹೆಂಗಸರ ಕೈಯಲ್ಲೇ ಇದೆ. ಅಂಗೈ ಮತ್ತು ಬೆರಳು ಕೂಡುವ ಗೆಣ್ಣುಗಳು ಊದಿಕೊಂಡು, ಹೋದ ವರ್ಷ ಸಲೀಸಾಗಿ ಏರಿದ ಬಳೆ ಈ ವರ್ಷ ಸೋಪು ಹಚ್ಚಿದರೂ ಏರುವುದಿಲ್ಲ. ಕಾಲುಂಗುರ ಕಚ್ಚುತ್ತದೆ. ಒಂದು ಕೈಯಲ್ಲಿ ಇದ್ದದ್ದು ಇನ್ನೊಂದು ಕೈಯಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಸವೆತದ ನೋವು ಕೆಲಸ ಮಾಡಿದಷ್ಟೂ ಹೆಚ್ಚಿ, ಕೂತರೆ ಇಳಿಯುತ್ತದೆ, ಇದು ತದ್ವಿರುದ್ಧ. ರಾತ್ರಿಯಿಡೀ ವಿಶ್ರಾಂತಿ ಪಡೆದ ಕೈಯೇ ಬೆಳಿಗ್ಗೆ ಮರದ ಹಾಗೆ ಬಿಗಿದುಕೊಂಡಿರುತ್ತದೆ, ಸಡಿಲವಾಗಲು ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಹೊತ್ತು ಏರುವತನಕ ಬೇಕು. ಶಿಕಾರಿಪುರದ ಬಯಲು ಕಡೆ ಬೆಳಿಗ್ಗೆ ರೊಟ್ಟಿ ತಟ್ಟುವವರಿಗೆ, ಸೊರಬದ ಕಡೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಿಗೆ ಇದು ತಕ್ಷಣ ತಿಳಿಯುತ್ತದೆ, ಯಾಕೆಂದರೆ ಕೂಲಿ ಕಮ್ಮಿಯಾಗುತ್ತದೆ. ಉಗುರಿನ ಬಳಿಯ ಕೊನೆಯ ಗೆಣ್ಣು ಮಾತ್ರ ಗಂಟು ಕಟ್ಟಿದ್ದರೆ ಅದು ಬಹುತೇಕ ಸವೆತವೇ. ರುಮಟಾಯ್ಡ್ ಸಾಮಾನ್ಯವಾಗಿ ಆ ಗೆಣ್ಣನ್ನು ಬಿಡುತ್ತದೆ.

ರಕ್ತ ಪರೀಕ್ಷೆಯ ವಿಷಯದಲ್ಲಿ ಒಂದು ಮಾತು. "ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದಿದೆ, ಸಂಧಿವಾತ ಅಲ್ಲ" ಎಂದು ಸಮಾಧಾನ ಪಡುವವರಿದ್ದಾರೆ. ಕಾಯಿಲೆ ಇರುವ ಐದು ಜನರಲ್ಲಿ ಒಬ್ಬರಿಗಾದರೂ ಅದು ನೆಗೆಟಿವ್ ಬರುತ್ತದೆ. ಕಾಯಿಲೆ ಇಲ್ಲದವರಿಗೂ ಪಾಸಿಟಿವ್ ಬರುವುದುಂಟು. ಆಂಟಿ ಸಿಸಿಪಿ ಎಂಬ ಪರೀಕ್ಷೆ ಇನ್ನೂ ಖಚಿತ. ಎಲ್ಲಕ್ಕಿಂತ ಮುಖ್ಯ, ಕೈ ಮುಟ್ಟಿ ಒತ್ತಿ ನೋಡುವ ವೈದ್ಯರು.

ಹಾರ್ಮೋನಿಗೂ ಕೀಲಿಗೂ ಸಂಬಂಧವಿದೆಯೆಂದು ವೈದ್ಯರಿಗೆ ತಿಳಿದದ್ದು ಬಸುರಿಯರಿಂದ. ಅಮೆರಿಕದ ವೈದ್ಯ ಫಿಲಿಪ್ ಹೆಂಚ್, ಸಂಧಿವಾತದ ಹೆಂಗಸರು ಗರ್ಭಿಣಿಯಾದಾಗ ನೋವು ತಾನಾಗಿ ಇಳಿಯುವುದನ್ನು, ಹೆರಿಗೆಯಾದ ಮೇಲೆ ಮರುಕಳಿಸುವುದನ್ನು ಗಮನಿಸಿ 1938ರಲ್ಲಿ ಬರೆದ. ಆ ಸುಳಿವು ಹಿಡಿದು ಹೋದವನಿಗೆ ಸಿಕ್ಕಿದ್ದು ಕಾರ್ಟಿಸೋನ್, ಅಂದರೆ ಸ್ಟೀರಾಯ್ಡ್. 1950ರಲ್ಲಿ ನೊಬೆಲ್ ಕೂಡ ಬಂತು. ಇವತ್ತು ಯಾವ ಲೇಬಲ್ಲೂ ಇಲ್ಲದ ಪೊಟ್ಟಣದ ಪುಡಿ ತಿಂದು "ಮೂರೇ ದಿನಕ್ಕೆ ನೋವು ಮಾಯ" ಅನ್ನುವವರನ್ನು ಕಂಡರೆ ನನಗೆ ಹೆಂಚ್ ನೆನಪಾಗುತ್ತಾನೆ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ.

ಬಸುರಿನಲ್ಲಿ ಇಳಿಯುವುದು ಮುಟ್ಟು ನಿಂತಾಗ ಏರಬೇಕಲ್ಲವೇ? ಹೆಚ್ಚು ಕಡಿಮೆ ಹಾಗೇ ಆಗುತ್ತದೆ. ಸಂಧಿವಾತವಿರುವ 8,189 ಅಮೆರಿಕನ್ ಹೆಂಗಸರ ಮಾಹಿತಿ ನೋಡಿದ 2018ರ ಅಧ್ಯಯನವೊಂದು, ಮುಟ್ಟು ನಿಂತ ನಂತರ ಅವರ ದಿನನಿತ್ಯದ ಕೆಲಸದ ಶಕ್ತಿ ಇನ್ನಷ್ಟು ಬೇಗ ಕುಸಿಯುತ್ತದೆಂದು ತೋರಿಸಿತು. ಹಾಗಾದರೆ ಹೋದ ಹಾರ್ಮೋನನ್ನು ವಾಪಸು ಕೊಟ್ಟರೆ ಕೀಲು ವಾಸಿಯಾದೀತೇ? ಇಲ್ಲಿ ಆಸೆ ಹಿಡಿತದಲ್ಲಿರಲಿ. ಸ್ವೀಡನ್ನಿನಲ್ಲಿ 88 ಹೆಂಗಸರ ಮೇಲೆ ಎರಡು ವರ್ಷ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂಳೆ ಗಟ್ಟಿಯಾಯಿತು, ಉರಿಯೂತವೂ ಕೊಂಚ ಇಳಿಯಿತು. ಆದರೆ ಅದಕ್ಕಿಂತ ಎಷ್ಟೋ ದೊಡ್ಡದಾದ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನದ ಮಾಹಿತಿಯನ್ನು 2008ರಲ್ಲಿ ಪರಿಶೀಲಿಸಿದಾಗ, ಹಾರ್ಮೋನ್ ತೆಗೆದುಕೊಂಡವರಲ್ಲಿ ಸಂಧಿವಾತ ಹುಟ್ಟುವುದರಲ್ಲಾಗಲಿ ಅದರ ತೀವ್ರತೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾರ್ಮೋನು ಸಂಧಿವಾತದ ಮದ್ದಲ್ಲ. ಅದು ಬೇಕಾಗುವುದು ಬೆವರಿಗೆ, ನಿದ್ದೆಗೆ, ಮೂಳೆಗೆ. ಹಾಗೆಯೇ ಅದು ಸಂಧಿವಾತವನ್ನು ಕೆರಳಿಸುತ್ತದೆ ಎಂಬ ಭಯಕ್ಕೂ ಈ ಅಧ್ಯಯನಗಳಲ್ಲಿ ಪುರಾವೆಯಿಲ್ಲ.

ಬೆವರಿನ ಮಾತಿಗೆ ಬರೋಣ. ಮೆದುಳಿನಲ್ಲಿ ಮೈಯ ಬಿಸಿಯನ್ನು ಕಾಯುವ ಒಂದು ಕೇಂದ್ರವಿದೆ. ಈಸ್ಟ್ರೋಜನ್ ಇಳಿದಾಗ ಅದು ಅತಿಸೂಕ್ಷ್ಮವಾಗಿ, ಚೂರು ಬಿಸಿ ಏರಿದರೂ ರಕ್ತನಾಳ ಹಿಗ್ಗಿಸಿ ಬೆವರು ಸುರಿಸಿಬಿಡುತ್ತದೆ. ಎರಡು ಮೂರು ನಿಮಿಷದಲ್ಲಿ ಮುಗಿದು ಆಮೇಲೆ ಚಳಿ ಹಿಡಿಯುತ್ತದೆ. ರಾತ್ರಿ ನಾಲ್ಕೈದು ಸಲ ಹೀಗಾದರೆ ನಿದ್ದೆಯಿಲ್ಲ, ನಿದ್ದೆಗೆಟ್ಟ ಮೈಗೆ ಕೀಲಿನ ನೋವು ಎರಡರಷ್ಟು. ಸಂಧಿವಾತದ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಡೋಸ್ ಏರಿಸಿಕೊಂಡ ಎಷ್ಟೋ ಮಂದಿಗೆ ಬೇಕಾಗಿದ್ದುದು ನಿದ್ದೆಯೇ ಇರಬಹುದು.

ಆದರೆ ಸಂಧಿವಾತದ ಮಾತ್ರೆ ತಿನ್ನುವವರಲ್ಲಿ ರಾತ್ರಿಯ ಬೆವರನ್ನೆಲ್ಲ ಮುಟ್ಟಿನ ತಲೆಗೆ ಕಟ್ಟುವ ಹಾಗಿಲ್ಲ. ಮೆಥೊಟ್ರೆಕ್ಸೇಟ್, ಸ್ಟೀರಾಯ್ಡ್‌ನಂಥ ಔಷಧಗಳು ದೇಹದ ಕಾವಲನ್ನು ತಗ್ಗಿಸುತ್ತವೆ. ಬೆವರಿನ ಜೊತೆ ಸಂಜೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಮಾಡಿಸಿ ಕ್ಷಯ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇನ್ನು ಸೊರಬದವರಿಗೆ ಜ್ವರದ ಬಗ್ಗೆ ಬೇರೆಯವರು ಹೇಳಿಕೊಡಬೇಕಿಲ್ಲ. 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಇರುವ ಹೆಸರು ಇದೇ ತಾಲ್ಲೂಕಿನ ಕ್ಯಾಸನೂರಿನದು. ಚಳಿಗಾಲದಿಂದ ಬೇಸಿಗೆಯವರೆಗೆ ಕಾಡಂಚಿನಲ್ಲಿ ದರಗು, ಸೌದೆ ಎಂದು ಓಡಾಡುವ ಹೆಂಗಸು ಈ ಮಾತ್ರೆ ತಿನ್ನುತ್ತಿದ್ದು ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹಾರ್ಮೋನ್ ಅಂದರೆ ಕ್ಯಾನ್ಸರ್ ಎಂಬ ಭಯ ಎಲ್ಲಿಂದ ಬಂತು? 2002ರ ಜುಲೈಯಿಂದ. ಮೇಲೆ ಹೇಳಿದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನದಲ್ಲಿ 16,608 ಹೆಂಗಸರಿದ್ದ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಕೊಡುತ್ತಿದ್ದ ಭಾಗವನ್ನು ಆ ತಿಂಗಳು ಅರ್ಧಕ್ಕೇ ನಿಲ್ಲಿಸಿದರು. ಸುದ್ದಿ ಸಿಡಿಲಿನಂತೆ ಬಡಿಯಿತು, ಜಗತ್ತಿನಾದ್ಯಂತ ಚಿಕಿತ್ಸೆ ನಿಂತಿತು. ಲೆಕ್ಕ ನೋಡಿ: ಹಾರ್ಮೋನ್ ತೆಗೆದುಕೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ ಸ್ತನ ಕ್ಯಾನ್ಸರ್ 8 ಹೆಚ್ಚು, ಪಾರ್ಶ್ವವಾಯು 8 ಹೆಚ್ಚು, ಹೃದಯದ ತೊಂದರೆ 7 ಹೆಚ್ಚು, ಶ್ವಾಸಕೋಶಕ್ಕೆ ರಕ್ತ ಹೆಪ್ಪುಗಟ್ಟುವುದು 8 ಹೆಚ್ಚು, ಸೊಂಟದ ಮೂಳೆ ಮುರಿತ 5 ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ 6 ಕಡಿಮೆ. ಇದನ್ನು ಇಲ್ಲವೆನ್ನಲು ಬರುವುದಿಲ್ಲ. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಬೆವರಿನಿಂದ ಕಂಗೆಟ್ಟು ಬರುವ 48ರವರ ಕಥೆ ಅದಲ್ಲ. ಅರವತ್ತರೊಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ, ಬೇರೆ ಅಡ್ಡಿಗಳಿಲ್ಲದ ಹೆಚ್ಚಿನವರಿಗೆ ಲಾಭವೇ ಮೇಲು ಎಂಬುದು ಈಗ ತಜ್ಞ ಸಂಘಗಳ ನಿಲುವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಈ ಔಷಧಗಳ ಮೇಲಿನ ಕಪ್ಪು ಚೌಕದ ಎಚ್ಚರಿಕೆಯ ಬಹುಭಾಗವನ್ನು ತೆಗೆಯುವುದಾಗಿ 2025ರ ನವೆಂಬರಿನಲ್ಲಿ ಹೇಳಿತು. ಸಂಧಿವಾತದ ತಜ್ಞರ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2020ರ ಮಾರ್ಗಸೂಚಿಯಲ್ಲಿ ಇನ್ನೂ ನೇರವಾಗಿ ಬರೆದಿದೆ: ಲೂಪಸ್ ಎಂಬ ಕಾಯಿಲೆ ಇಲ್ಲದ, ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಇಲ್ಲದ, ಬೇರೆ ಅಡ್ಡಿಯೂ ಇಲ್ಲದ ಹೆಂಗಸಿಗೆ ಬೆವರು ಬಿಸಿ ತೀವ್ರವಾಗಿದ್ದು ಆಕೆ ಬಯಸಿದರೆ ಹಾರ್ಮೋನ್ ಕೊಡಿ.

ಅಡ್ಡಿಗಳು ಯಾವುವು ಎಂಬುದರಲ್ಲೇ ಎಲ್ಲ ಇದೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಹಾರ್ಮೋನ್ ಸಲ್ಲದು. ಸಂಧಿವಾತದವರಲ್ಲಿ ಈ ಪಟ್ಟಿಗೆ ಇನ್ನಷ್ಟು ಸೇರುತ್ತದೆ. ಉರಿಯೂತ ಹತೋಟಿಗೆ ಬಾರದ ಸಂಧಿವಾತವೇ ಹೃದಯಕ್ಕೂ ರಕ್ತ ಹೆಪ್ಪುಗಟ್ಟುವುದಕ್ಕೂ ದಾರಿ ಮಾಡುತ್ತದೆ. ಟೊಫಾಸಿಟಿನಿಬ್ ಎಂಬ ಹೊಸ ಮಾತ್ರೆ ತಿನ್ನುವವರಿದ್ದರೆ ಇನ್ನೂ ಎಚ್ಚರ. ಆ ಗುಂಪಿನ ಔಷಧಗಳೇ ರಕ್ತ ಹೆಪ್ಪುಗಟ್ಟಿಸಬಹುದೆಂದು 2021ರಲ್ಲಿ ಎಚ್ಚರಿಕೆ ಬಂದಿದೆ, ಅದರ ಮೇಲೆ ಬಾಯಿಂದ ತಿನ್ನುವ ಈಸ್ಟ್ರೋಜನ್ ಸೇರಿಸುವುದು ಜಾಣತನವಲ್ಲ. ಮೆಥೊಟ್ರೆಕ್ಸೇಟ್ ತಿನ್ನುವವರ ಯಕೃತ್ತಿನ ಪರೀಕ್ಷೆ ಸರಿಯಿದೆಯೇ ನೋಡಬೇಕು. ಇಂಥವರಿಗೆ ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿ ಮೇಲು, ಯಾಕೆಂದರೆ ಅದು ಯಕೃತ್ತಿನ ದಾರಿ ಬಿಟ್ಟು ನೇರ ರಕ್ತಕ್ಕೆ ಹೋಗುತ್ತದೆ. ಸಾಮಾನ್ಯ ಡೋಸಿನಲ್ಲಿ ಅದರಿಂದ ರಕ್ತ ಹೆಪ್ಪುಗಟ್ಟುವುದು ಹೆಚ್ಚಿದ್ದನ್ನು ಈವರೆಗಿನ ಅವಲೋಕನಗಳು ಕಂಡಿಲ್ಲ.

ಇನ್ನೊಂದು ಪ್ರಶ್ನೆ ಕೇಳದೆ ಚೀಟಿ ಬರೆಯಲೇ ಬಾರದು: ಗರ್ಭಕೋಶ ಇದೆಯೋ, ತೆಗೆಸಿದೆಯೋ? ಇದ್ದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕಡ್ಡಾಯ, ಇಲ್ಲವಾದರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರಿಗೆ ತಿರುಗಬಹುದು. ಇಲ್ಲದವರಿಗೆ ಈಸ್ಟ್ರೋಜನ್ ಒಂದೇ ಸಾಕು, ಅಮೆರಿಕದ ಅದೇ ಅಧ್ಯಯನದ, ಈಸ್ಟ್ರೋಜನ್ ಒಂದನ್ನೇ ಕೊಟ್ಟ ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲೂ ಇಲ್ಲ. ನಮ್ಮ ಹಳ್ಳಿಗಳಲ್ಲಿ "ಚೀಲ ತೆಗೆಸಿದೀನಿ" ಎಂಬ ಮಾತು ಎಷ್ಟು ಸಹಜವಾಗಿ ಬರುತ್ತದೆಂದರೆ ಕೇಳಿದವರಿಗೇ ಗಾಬರಿ. ಕಲಬುರ್ಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರಿಗೆ, ಎಷ್ಟೋ ಜನಕ್ಕೆ ನಲವತ್ತೂ ತುಂಬುವ ಮೊದಲೇ, ಬೇಡದ ಕಾರಣಕ್ಕೆ ಗರ್ಭಕೋಶ ತೆಗೆದದ್ದನ್ನು ಕರ್ನಾಟಕ ಜನಾರೋಗ್ಯ ಚಳವಳಿ 2015ರ ಸುಮಾರಿಗೆ ಬಯಲಿಗೆಳೆದಿತ್ತು. ತಾಂಡಾಗಳು ಬೇಕಾದಷ್ಟಿರುವ ಶಿಕಾರಿಪುರ ತಾಲ್ಲೂಕಿನವರು ಇದನ್ನು ದೂರದ ಸುದ್ದಿಯೆಂದು ಓದಬಾರದು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವುದು ನಿಧಾನಕ್ಕಲ್ಲ, ರಾತ್ರೋರಾತ್ರಿ. ಅಂಥ ಎಳೆಯ ವಯಸ್ಸಿನವರಿಗೆ ಹಾರ್ಮೋನಿನ ಅಗತ್ಯ ಎಲ್ಲರಿಗಿಂತ ಹೆಚ್ಚು. ಏನೇನು ತೆಗೆದರು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಡಿಸ್ಚಾರ್ಜ್ ಚೀಟಿಯಲ್ಲಿ ಇರುತ್ತದೆ. ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ.

ಮೂಳೆಯ ವಿಷಯ ಚಿಕ್ಕದು, ಗಂಭೀರ. ಸಂಧಿವಾತ ಮೂಳೆಯನ್ನು ತೆಳುವಾಗಿಸುತ್ತದೆ, ಸ್ಟೀರಾಯ್ಡ್ ಇನ್ನಷ್ಟು, ಮುಟ್ಟು ನಿಂತದ್ದು ಮತ್ತಷ್ಟು. ಮೂರೂ ಸೇರಿದ ಹೆಂಗಸು ಜಾರಿಬಿದ್ದರೆ ಸೊಂಟ ಮುರಿಯಲು ಬಚ್ಚಲಿನ ಪಾಚಿ ಸಾಕು. ಹಾರ್ಮೋನ್ ಇಲ್ಲಿ ಕಾಪಾಡುತ್ತದೆ; ಅದು ಸಲ್ಲದವರಿಗೆ ಮೂಳೆಗೆಂದೇ ಬೇರೆ ಔಷಧಗಳಿವೆ.

ಹಾರ್ಮೋನ್ ಬೇಡವೆನ್ನುವವರಿಗೆ ಬೆವರು ತಗ್ಗಿಸಲು ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್ ಮೊದಲಾದವು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತವೆ. ಮೊದಲನೆಯದು ಮನಸ್ಸಿನ ಕಾಯಿಲೆಯ ಮಾತ್ರೆಯೆಂದು ಮೆಡಿಕಲ್ ಶಾಪಿನವರು ಹೇಳಿದರೆ ಹೆದರಬೇಕಿಲ್ಲ. ಸೋಯಾ ಮುಂತಾದವುಗಳ ಪುರಾವೆ ದುರ್ಬಲ.

ಸರ್ಕಾರದ ಲೆಕ್ಕದಲ್ಲಿ ಹೆಂಗಸು ಎಂದರೆ ಬಸಿರು ಬಾಣಂತನ. ತಾಯಿ ಕಾರ್ಡ್ ಹಿಡಿದು ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ, ಮಕ್ಕಳಾಗದ ಆಪರೇಷನ್ ಆದ ಮೇಲೆ ಆ ಕಾರಣಕ್ಕೆ ಬಾಗಿಲು ಬಡಿಯುವವರಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಹೆಂಗಸರನ್ನು ಮಾತಾಡಿಸುವುದು 15ರಿಂದ 49ರವರೆಗೆ. ಹಾಗಾಗಿ ಈ ಕೆಲಸ ಆಕೆಯ ತಲೆಯ ಮೇಲೇ ಬೀಳುತ್ತದೆ. ಸಂಧಿವಾತದ ತಜ್ಞರು ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಜನರಲ್ ಮೆಡಿಸಿನ್ ವಿಭಾಗವೂ ಸ್ತ್ರೀರೋಗ ವಿಭಾಗವೂ ಒಂದೇ ಆವರಣದಲ್ಲಿರುವ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರದ ದಾರಿ. ಶಿಕಾರಿಪುರದಿಂದ ಐವತ್ತು ಕಿಲೋಮೀಟರು ಚಿಲ್ಲರೆ, ಸೊರಬದಿಂದ ಇನ್ನೂ ದೂರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಂದ ಟಿಕೆಟ್ ದುಡ್ಡು ಕೇಳುವುದಿಲ್ಲ, ಆದರೆ ಖಾಸಗಿ ಬಸ್ಸಿನಲ್ಲಿ ಅದು ನಡೆಯುವುದಿಲ್ಲ, ಹೋದ ದಿನದ ಕೂಲಿಯೂ ಬರುವುದಿಲ್ಲ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧದ ಪೊಟ್ಟಣವನ್ನೂ ಸೇರಿಸಿ, ಒಂದೇ ಚೀಲದಲ್ಲಿ ಒಯ್ಯಿರಿ. ಎರಡೂ ವಿಭಾಗದಲ್ಲಿ ಅದೇ ಚೀಲವನ್ನು ಮೇಜಿನ ಮೇಲೆ ಸುರಿಯಿರಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವಂತೆ ಮಾಡಲು ಇದಕ್ಕಿಂತ ಸುಲಭ ಉಪಾಯ ನನಗೆ ಗೊತ್ತಿಲ್ಲ.

ಮೆಥೊಟ್ರೆಕ್ಸೇಟ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸಂಧಿವಾತಕ್ಕೆ ಅದನ್ನು ತಿನ್ನುವುದು ವಾರಕ್ಕೆ ಒಂದೇ ದಿನ. ದಿನವೂ ತಿಂದು ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಸತ್ತವರಿದ್ದಾರೆ. ಈಗ ದಿನಾ ತಿನ್ನುವ ಹಾರ್ಮೋನ್ ಮಾತ್ರೆ ಜೊತೆಗೆ ಸೇರಿದರೆ ಗೊಂದಲಕ್ಕೆ ಇನ್ನೊಂದು ಕಾರಣವಾಯಿತು. ನಿಮ್ಮೂರ ಸಂತೆಯ ದಿನಕ್ಕೆ ವಾರದ ಮಾತ್ರೆಯನ್ನು ಗಂಟು ಹಾಕಿ, ಮಿಕ್ಕ ದಿನ ಅದರ ಡಬ್ಬಿಯನ್ನು ಬೇರೆ ಕಡೆ ಇಡಿ.

ಕೊನೆಯದಾಗಿ, ಬೆವರಿಗಿಂತಲೂ ಬಾಯಿಬಿಡದ ತೊಂದರೆ: ಯೋನಿಯ ಒಣಗುವಿಕೆ, ಉರಿ, ಮತ್ತೆ ಮತ್ತೆ ಮೂತ್ರದ ಸೋಂಕು. ಸಂಧಿವಾತದ ಕೆಲವರಿಗೆ ಜೊಗ್ರೆನ್ ಎಂಬ ಜೊತೆ ಕಾಯಿಲೆಯಿಂದ ಕಣ್ಣು ಬಾಯಿಯೂ ಒಣಗಿರುತ್ತವೆ, ಅವರಿಗೆ ಇದು ಇನ್ನೂ ಹೆಚ್ಚು. ಇದಕ್ಕೆ ಇಡೀ ಮೈಗೆ ಹಾರ್ಮೋನ್ ಬೇಕಾಗಿಲ್ಲ. ಅಲ್ಲಿಗೆ ಮಾತ್ರ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮು ರಕ್ತಕ್ಕೆ ಸೇರುವುದು ಅತ್ಯಲ್ಪ, ಮಾತ್ರೆಯ ಹಾರ್ಮೋನ್ ಸಲ್ಲದ ಅನೇಕರಿಗೂ ವೈದ್ಯರ ಒಪ್ಪಿಗೆಯ ಮೇಲೆ ಇದು ಸಲ್ಲುತ್ತದೆ. ಬರೆದುಕೊಟ್ಟವರು ಸಾಮಾನ್ಯವಾಗಿ ಕೇಳಲು ಮರೆಯುವುದೊಂದಿದೆ: ಬಿಗಿದ ಬೆರಳಿನಲ್ಲಿ ಟ್ಯೂಬು ಒತ್ತಿ, ಕ್ರೀಮಿನ ನಳಿಕೆ ಹಿಡಿದು ತಾನೇ ಹಚ್ಚಿಕೊಳ್ಳಲು ಆಕೆಗೆ ಆಗುತ್ತದೆಯೇ? ಆಗದಿದ್ದರೆ ಒಳಗೆ ಇಟ್ಟುಕೊಳ್ಳುವ ಸಣ್ಣ ಗುಳಿಗೆ ಸಿಗುತ್ತದೆಯೇ ಕೇಳಿ. ಕ್ರೀಮೇ ಗತಿಯೆಂದಾದರೆ ಅದನ್ನು ಬೆಳಿಗ್ಗೆ ಹಚ್ಚಬೇಕಿಲ್ಲ. ಬೆರಳು ಸಡಿಲವಾಗಿರುವ ರಾತ್ರಿ ಮಲಗುವ ಹೊತ್ತಿಗೆ ಹಚ್ಚಿಕೊಳ್ಳಬಹುದು.